ನನಗಿಂತ ಮೊದಲು ವಿಮಾನ ಹತ್ತಿದ ಮಂಡಿ

ಇಟ್ಟಮಡು

ನನ್ನ ಎಡಮಂಡಿ ನನಗಿಂತ ಮೊದಲೇ ವಿದೇಶಕ್ಕೆ ಹೋಗಿತ್ತು. ಪೂರ್ತಿ ಮಂಡಿಯಲ್ಲ, ಅದರ ಒಂದು ಚೂರು. ಜೊತೆಗೆ ಬಲಗಡೆಯ ಶ್ವಾಸಕೋಶದಿಂದ ತೆಗೆದ, ಕಡಲೆಕಾಳಿನಷ್ಟು ದೊಡ್ಡ ಒಂದು ಗಂಟು. ಎರಡೂ ಹೊಗೆಯಾಡುವ ತಣ್ಣನೆಯ ಪೆಟ್ಟಿಗೆಯಲ್ಲಿ ಕೂತು, ಬೇಕಾದ ಅನುಮತಿಗಳನ್ನೆಲ್ಲ ಪಡೆದು, ನೆದರ್‌ಲ್ಯಾಂಡ್ಸಿನ ಒಂದು ಪ್ರಯೋಗಾಲಯ ಸೇರಿದ್ದವು. ವೀಸಾ ಕಚೇರಿಯವರು ಅವುಗಳನ್ನು 'ಯಾಕೆ ಹೋಗ್ತಿದೀರಿ, ವಾಪಸ್ ಬರ್ತೀರಾ' ಅಂತ ಕೇಳಲಿಲ್ಲ. ನನ್ನನ್ನು ಕೇಳಿದರು. ಮಂಡಿ ನೋಡ್ಕೊಂಡು ವಾಪಸ್ ಬರ್ತೀನಿ ಅಂದೆ. ಗಾಜಿನ ಆಚೆಯ ಹುಡುಗಿ ನನ್ನ ಮುಖ ನೋಡಿ, ಮುಂದಿನ ಪುಟ ತಿರುವಿದಳು.

ಹೀಗೆ ನಡೆಯಿತೆಂದು ನನ್ನ ನೆನಪು. ಅಮ್ಮನ ಪ್ರಕಾರ ನಾನು ಅಂಥದ್ದೇನೂ ಹೇಳಲಿಲ್ಲ, 'ಯಸ್ ಮೇಡಂ' ಅಂದೆ ಅಷ್ಟೇ. ಈ ಬರಹದಲ್ಲಿ ಇಂಥ ಜಗಳಗಳು ಇನ್ನೂ ಬರುತ್ತವೆ. ಎಲ್ಲಿ ನಾನು ಜಾಣನಾಗಿ ಕಾಣುತ್ತೇನೋ ಅಲ್ಲೆಲ್ಲ ಓದುಗರು ಅಮ್ಮನನ್ನು ನಂಬುವುದು ಕ್ಷೇಮ.

ನನಗೆ ಬಂದಿದ್ದು ಮೂಳೆಯ ಕ್ಯಾನ್ಸರ್. ಮಂಡಿಯ ಮೇಲ್ಭಾಗದಲ್ಲಿ ಶುರುವಾಯಿತು. ಔಷಧಿ ಕೊಟ್ಟರು, ಕೂದಲು ಹೋಯ್ತು, ಮಂಡಿ ತೆಗೆದು ಲೋಹದ್ದು ಕೂರಿಸಿದರು, ಕೂದಲು ಬಂತು. ಎಲ್ಲ ಮುಗಿಯಿತೆಂದು ಲಾಡು ಹಂಚಿದ ಮೇಲೆ ಶ್ವಾಸಕೋಶದಲ್ಲಿ ಆ ಕಡಲೆಕಾಳು ಕಾಣಿಸಿಕೊಂಡಿತು. ಈ ಜಾತಿಯ ಕ್ಯಾನ್ಸರ್ ಮನೆ ಬಿಟ್ಟು ಹೊರಟರೆ ಹೋಗುವುದು ಹೆಚ್ಚಾಗಿ ಅಲ್ಲಿಗೇ. ಯಾಕೆ ಅಲ್ಲಿಗೇ, ಅದಕ್ಕೆ ಯಾವ ಜೀನುಗಳ ಕುಮ್ಮಕ್ಕು ಎಂದು ಹುಡುಕುವುದು ಆ ಪ್ರಯೋಗಾಲಯದ ಕೆಲಸ. ಚೂರು ಕೊಟ್ಟವರನ್ನು ವರ್ಷಕ್ಕೊಮ್ಮೆ ಕರೆಸಿ, ವಿಜ್ಞಾನಿಗಳ ಎದುರು ಮಾತಾಡಿಸುತ್ತಾರೆ. ಈ ಸಲ ನನ್ನ ಸರದಿ. ಜೊತೆಗೆ ಒಬ್ಬರು ಬರಬಹುದು ಅಂದಿದ್ದರು.

ಅಮ್ಮ ಅದಾಗಲೇ ಸೂಟ್‌ಕೇಸ್ ಇಳಿಸಿದ್ದಳು.

ಅದಕ್ಕೆ ಕಾರಣ ಒಂದು ಕನ್ನಡ ಶಬ್ದ. ನಮ್ಮ ಡಾಕ್ಟರು ಒಳ್ಳೆಯವರು. ಅಮ್ಮನಿಗೆ ಅರ್ಥವಾಗಲೆಂದು ಕಷ್ಟಪಟ್ಟು ಶುದ್ಧ ಕನ್ನಡದಲ್ಲಿ, "ಗಡ್ಡೆಯ ವಂಶವಾಹಿಗಳಲ್ಲಿ ಬದಲಾವಣೆ ಆಗಿದೆ ತಾಯಿ" ಅಂದರು. ಜೀನ್ಸ್ ಅಂದಿದ್ದರೆ ಪ್ಯಾಂಟ್ ಅಂದುಕೊಂಡು ಸುಮ್ಮನಿರುತ್ತಿದ್ದಳು. ಅವಳ ಕಿವಿಗೆ ಬಿದ್ದದ್ದು ವಂಶ ಮಾತ್ರ. ಆ ಸಂಜೆಯೇ ಜಯನಗರದ ಪದ್ಮತ್ತೆ, ಅಂದರೆ ನನ್ನ ಅಪ್ಪನ ತಂಗಿ, ಫೋನು ಮಾಡಿ, "ನಮ್ಮ ಕಡೆ ಯಾರಿಗೂ ಇಲ್ಲಪ್ಪ ಇಂಥದ್ದು. ನಿಮ್ಮ ಸೀನು ಹೋದನಲ್ಲ, ಅವನಿಗೂ ಕಾಲೇ ಅಲ್ವಾ?" ಅಂದಳು.

ಸೀನು ಅಮ್ಮನ ತಮ್ಮ. ಗೊಟ್ಟಿಗೆರೆ ಇನ್ನೂ ಹಳ್ಳಿಯಾಗಿದ್ದಾಗ, ಮೀಸೆ ಮೂಡುವ ವಯಸ್ಸಿನಲ್ಲಿ ಸತ್ತ. ನಾನು ಚಿಕ್ಕವನಿದ್ದಾಗ ಕೇಳಿದ ಕಥೆಯಲ್ಲಿ ಅವನು ಕೆರೆ ಏರಿಯಿಂದ ಬಿದ್ದು, ಗಾಯ ನಂಜಾಗಿ ಹೋದ. ಪದ್ಮತ್ತೆಯ ಫೋನಿನ ನಂತರ ಬಿದ್ದದ್ದು ಮಾಯವಾಯಿತು. ಕಾಲು ಊದಿಕೊಂಡಿತ್ತು. ಇನ್ನೊಂದು ತಿಂಗಳಲ್ಲಿ ಆ ಕಥೆಗೆ ಕೆಮ್ಮೂ ಬಂತು.

ಅಮ್ಮ ಮಾರನೆಯ ದಿನದಿಂದ ಕಾಫಿ ಬಿಟ್ಟಳು. ಕಾಶಿಗೆ ಹೋದವರು ಇಷ್ಟದ್ದೊಂದನ್ನು ಬಿಟ್ಟು ಬರುತ್ತಾರೆ, ಸಾಮಾನ್ಯವಾಗಿ ಯಾರಿಗೂ ಬೇಡದ ಯಾವುದೋ ಕಾಯಿಪಲ್ಯ. ಇವಳು ಕಾಶಿಗೂ ಹೋಗದೆ, ಬಿಡಬಾರದ್ದನ್ನೇ ಬಿಟ್ಟಳು. ಯಾಕೆಂದು ಕೇಳಿದರೆ, "ಅಸಿಡಿಟಿ" ಅಂದಳು. ನನ್ನ ರಕ್ತದ ಪರೀಕ್ಷೆಯೂ ಆಗಿ, ಹುಟ್ಟಿನಿಂದ ಬಂದ ದೋಷ ಕಂಡಿಲ್ಲವೆಂಬ ವರದಿ ಬಂದಿತ್ತು. ಡಾಕ್ಟರು ಓದಿ ಹೇಳಿದರು, ನಾನೂ ಹೇಳಿದೆ. "ನಿನ್ನ ಸಮಾಧಾನಕ್ಕೆ ಹೇಳ್ತಾರೆ, ನನ್ನ ಸಮಾಧಾನಕ್ಕೆ ನೀನು ಹೇಳ್ತೀಯ" ಅಂದಳು. ಗಡ್ಡೆಯನ್ನು ಕಣ್ಣಾರೆ ಕಂಡವರ ಬಾಯಿಂದಲೇ ಕೇಳಬೇಕಂತೆ. ಅದಕ್ಕೆ ಸೂಟ್‌ಕೇಸ್.

ವಿಮಾನ ನಿಲ್ದಾಣದ ತಪಾಸಣೆ

ನಾನು ದಾಟಿದಾಗ ಲೋಹ ಹುಡುಕುವ ಚೌಕಟ್ಟು ಕೂಗುತ್ತದೆಂದು ಗೊತ್ತಿತ್ತು. ಅಮ್ಮನಿಗೂ ಗೊತ್ತಿತ್ತು. ಚಟ್ನಿಪುಡಿಯ ಡಬ್ಬಿಗಳ ಮಧ್ಯದಿಂದ ನನ್ನ ಎಕ್ಸ್‌ರೇ ಎಳೆದು, ಟ್ಯೂಬ್‌ಲೈಟಿಗೆ ಹಿಡಿದು, ಮದುವೆ ಫೋಟೋ ತೋರಿಸುವಂತೆ ತೋರಿಸಿದಳು. ನನ್ನನ್ನು ಬಿಟ್ಟರು. ಸಿಕ್ಕಿಬಿದ್ದದ್ದು ಅಮ್ಮ. ಅವಳ ಕೈಚೀಲದಲ್ಲಿ ಸ್ಟೀಲಿನ ಪುಟ್ಟ ಡಬ್ಬಿ, ಅದರಲ್ಲಿ ಹೆಪ್ಪಿಗೆಂದು ಒಂದು ಸೌಟು ಮೊಸರು.

"ಅಮ್ಮ, ಲಿಕ್ವಿಡ್ ಬಿಡಲ್ಲ" ಅಂದ ಕಾವಲಿನ ಹುಡುಗ.

"ಲಿಕ್ವಿಡ್ ಅಲ್ಲಪ್ಪ, ಮೊಸರು. ಬಗ್ಗಿಸಿ ನೋಡು."

ಅವನು ನಿಜವಾಗಿಯೂ ಬಗ್ಗಿಸಿ ನೋಡಿದ. ಗಟ್ಟಿ ಮೊಸರು, ಅಲ್ಲಾಡಲಿಲ್ಲ. ಹಿಂದಿನ ಸಾಲಿನವರು ನಕ್ಕರು. ಹುಡುಗ ಕೆಂಪಾದ.

"ಆದ್ರೂ ರೂಲ್ಸ್ ಅಮ್ಮ. ದೊಡ್ಡ ಬ್ಯಾಗಲ್ಲಿ ಹಾಕ್ಬೇಕಿತ್ತು."

"ಜೀವ ಇರೋದನ್ನ ಲಗೇಜಲ್ಲಿ ಹಾಕ್ತಾರೇನಪ್ಪ?"

ಆ ಹೆಪ್ಪು ಅಮ್ಮನಿಗೆ ಅವಳ ತಾಯಿ ಗೊಟ್ಟಿಗೆರೆಯಿಂದ ಕಳಿಸಿದ್ದು. ಅಂದಿನಿಂದ ಇಂದಿನವರೆಗೆ ಒಂದು ದಿನವೂ ತಪ್ಪದೆ ನಡೆದುಬಂದಿದೆ ಎಂಬುದು ಮನೆಯ ನಂಬಿಕೆ. ನಡುವೆ ನಾನು ಒಂದೆರಡು ಸಲ ಪ್ಯಾಕೆಟ್ ಮೊಸರು ತಂದು ಆ ವಂಶಾವಳಿಯನ್ನು ಕಲಬೆರಕೆ ಮಾಡಿದ್ದೇನೆಂದು ಅವಳಿಗೆ ಗೊತ್ತಿಲ್ಲ. ಈಗ ಗೊತ್ತಾಗುತ್ತದೆ. ಡಬ್ಬಿಯನ್ನು ಹುಡುಗನ ಕೈಗೇ ಕೊಟ್ಟು, "ಎಸೀಬೇಡ, ಅನ್ನಕ್ಕೆ ಹಾಕ್ಕೋ" ಅಂದಳು. ಅವನು ಅದನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದ. ನಾವು ತಿರುವು ದಾಟುವವರೆಗೂ ಹಾಗೇ ನಿಂತಿದ್ದ.

ಕೆಮ್ಮಿನಿಂದ ಶುರುವಾಗುವ ಊರು

ಊರಿನ ಹೆಸರು ಬರೆಯುವುದಿಲ್ಲ. ಬರೆಯಲು ಕನ್ನಡದಲ್ಲಿ ಅಕ್ಷರವಿಲ್ಲ. ಅದರ ಮೊದಲ ಅಕ್ಷರ ಒಂದು ಕೆಮ್ಮು. ಡಚ್ಚರ ಬಾಯಲ್ಲಿ 'ಗ' ಬಂದಾಗಲೆಲ್ಲ ಗಂಟಲಿನಲ್ಲಿ ಕಫ ಕೆರೆದಂತೆ ಸದ್ದಾಗುತ್ತದೆ. ರೈಲಿನಲ್ಲಿ ಅಮ್ಮ ಸುತ್ತಲಿನವರ ಮಾತು ಕೇಳಿ, ನನ್ನ ತೋಳು ಹಿಡಿದು ಮೆಲ್ಲಗೆ ಅಂದಳು:

"ಪಾಪ ಕಣೋ. ಇವರೆಲ್ಲರಿಗೂ ಎದೆಗೆ ಹೋಗಿದೆ."

ನಿಲ್ದಾಣಕ್ಕೆ ಬಂದಿದ್ದವಳು ಹಾನೆಕೆ, ನನ್ನ ಚೂರುಗಳನ್ನು ನೋಡಿಕೊಳ್ಳುವ ವಿಜ್ಞಾನಿ. ನನ್ನ ತಲೆ ಅವಳ ಭುಜಕ್ಕೆ ಬರುತ್ತದೆ, ಅಮ್ಮನದು ಮೊಣಕೈಗೆ. ಕೈಕುಲುಕಿ "ರಖ್ಖು" ಅಂದಳು. ನನ್ನ ಹೆಸರು ರಘು. "ನಿನ್ನ ಹೆಸರಿಗೂ ಕೆಮ್ಮು ಹಚ್ಚಿದಳು ನೋಡು" ಎಂದ ಅಮ್ಮ, ಸೇಡು ತೀರಿಸಿಕೊಳ್ಳುವವಳಂತೆ ಅಲ್ಲಿಂದ ಮುಂದೆ ಅವಳನ್ನು ಅನ್ನಕ್ಕ ಎಂದೇ ಕರೆದಳು. ಹಾನೆಕೆ ಅದನ್ನು ಸಂತೋಷದಿಂದ ಒಪ್ಪಿಕೊಂಡಳು.

ಊರು ನಮ್ಮ ಕಡೆಗೆ ಹೋಲಿಸಿದರೆ ಅನುಮಾನ ಬರುವಷ್ಟು ಚಪ್ಪಟೆ, ನಿಶ್ಶಬ್ದ. ಎಲ್ಲರೂ ಸೈಕಲ್ ಮೇಲೆ. ಸೂಟು ಹಾಕಿದವರು, ಅಜ್ಜಿಯರು, ಮಕ್ಕಳನ್ನು ಮರದ ಡಬ್ಬದಲ್ಲಿ ತುಂಬಿಕೊಂಡ ತಾಯಂದಿರು. ಯಾರೂ ಹಾರ್ನ್ ಹೊಡೆಯುವುದಿಲ್ಲ. ಬನಶಂಕರಿ ಬಸ್‌ಸ್ಟ್ಯಾಂಡಿನ ಎದುರು ರಸ್ತೆ ದಾಟಿ ಬೆಳೆದ ನನಗೆ, ಇವರ ಸೈಕಲ್ಲು ದಾರಿಯಲ್ಲಿ ಮೊದಲ ಸಲ ಪ್ರಾಣಭಯವಾಯಿತು. ನಮ್ಮಲ್ಲಿ ಸದ್ದು ಮಾಡಿ ಕೊಲ್ಲುತ್ತಾರೆ. ಇಲ್ಲಿ ಮುಗುಳ್ನಗುತ್ತ ಬರುತ್ತಾರೆ.

ಜೂನ್ ತಿಂಗಳ ಶುರು. ಸೂರ್ಯ ಮುಳುಗುವ ಮಾತೇ ಇಲ್ಲ. ದೀಪ ಹಚ್ಚದೆ ಊಟ ಮಾಡುವುದಿಲ್ಲವೆಂದು ಅಮ್ಮ ಕಿಟಕಿಯ ಬಳಿ ಕೂತಳು. ಹಾನೆಕೆ ಸೂಪು ಬಿಸಿ ಮಾಡಿದಳು, ಮತ್ತೆ ಬಿಸಿ ಮಾಡಿದಳು. "ನಿಮ್ಮ ತಾಯಿ ಯಾರಿಗಾದರೂ ಕಾಯ್ತಿದ್ದಾರಾ?" ಅಂತ ಕೇಳಿದಳು. ಕತ್ತಲಿಗೆ ಅಂದೆ.

ಹಾನೆಕೆಯ ಮೆಟ್ಟಿಲು

ನಮ್ಮನ್ನು ಅವಳು ತನ್ನ ಮನೆಯಲ್ಲೇ ಉಳಿಸಿಕೊಂಡಳು. ಹೋಟೆಲ್ ದೂರ, ನಿಮಗೆ ಕಾಲು ಕಷ್ಟ ಅಂದಳು. ಮಲಗುವ ಕೋಣೆ ಮಾಳಿಗೆಯ ಮೇಲೆ. ಅಲ್ಲಿನ ಹಳೆಯ ಮನೆಗಳ ಮೆಟ್ಟಿಲು ಮೆಟ್ಟಿಲಲ್ಲ, ಏಣಿ. ಕಡಿದಾಗಿ ನೇರ ಮೇಲಕ್ಕೆ ಹೋಗುತ್ತದೆ, ಅರ್ಧ ಪಾದ ಮಾತ್ರ ಹಿಡಿಯುತ್ತದೆ. ವರ್ಷಗಟ್ಟಲೆ ಮಂಡಿಯ ಮೂಳೆಯ ಮೇಲೆ ಸಂಶೋಧನೆ ಮಾಡಿದವಳಿಗೆ ಮಂಡಿಯ ಮುಖ್ಯ ಕಸುಬು ಮಡಚುವುದು ಎನ್ನುವುದು ಮರೆತುಹೋಗಿತ್ತು. ನಾನು ಮೆಟ್ಟಿಲಿಗೆ ಬೆನ್ನು ಮಾಡಿ ಕೂತು, ಒಂದೊಂದೇ ಮೆಟ್ಟಿಲು ಅಂಡು ಎತ್ತಿಟ್ಟು ಹತ್ತಿದೆ. ಹಾನೆಕೆ ಕೆಳಗೆ ನಿಂತು ಕೆನ್ನೆಗೆ ಕೈಯಿಟ್ಟುಕೊಂಡು, "ನಾನು ಕತ್ತೆ" ಅಂದಳು. ಅಮ್ಮನಿಗೆ ಅನುವಾದ ಮಾಡಿದೆ. "ಓದಿದವರು ಹಾಗೇ" ಅಂತ ಸಮಾಧಾನ ಹೇಳಿದಳು. ಅದನ್ನು ಅನುವಾದಿಸಲಿಲ್ಲ.

ಬೆಳಿಗ್ಗೆ ಅಮ್ಮ ಪಾಯಿಖಾನೆಯಿಂದ ಗಾಬರಿಯಲ್ಲಿ ಹೊರಬಂದಳು.

"ರಘು, ಒಳಗೆ ಗೋಡೆ ಮೇಲೆ ನಿನ್ನ ಹೆಸರಿದೆ."

ಹೋಗಿ ನೋಡಿದೆ. ಕೂತವರ ಕಣ್ಣಿಗೆ ನೇರ ಕಾಣುವಂತೆ ಒಂದು ಕ್ಯಾಲೆಂಡರು. ವಾರಗಳ ಹೆಸರಿಲ್ಲ, ತಾರೀಖು ಮಾತ್ರ. ಒಂದೊಂದರ ಮುಂದೆ ಯಾರ್‍ಯಾರದೋ ಹೆಸರು. ಜೂನ್ ನಾಲ್ಕರ ಮುಂದೆ, ಹೊಸ ಶಾಯಿಯಲ್ಲಿ, ನಾನು.

ಅದು ಹುಟ್ಟುಹಬ್ಬಗಳ ಕ್ಯಾಲೆಂಡರು. ಆ ದೇಶದಲ್ಲಿ ಅದನ್ನು ಪಾಯಿಖಾನೆಯಲ್ಲಿ ತೂಗುಹಾಕುವುದೇ ಪದ್ಧತಿ. ದಿನಕ್ಕೊಮ್ಮೆಯಾದರೂ ಎಲ್ಲರೂ ಅಲ್ಲಿಗೆ ಹೋಗಲೇಬೇಕು, ಬೇರೆ ಕೆಲಸವೂ ಇರುವುದಿಲ್ಲ, ಹಾಗಾಗಿ ಯಾರದೂ ಮರೆಯುವುದಿಲ್ಲ ಎಂದು ಹಾನೆಕೆ ವಿವರಿಸಿದಳು. ವಾದ ಸರಿಯಾಗಿತ್ತು. ಅಮ್ಮ ಅಂದಳು: "ಹೆಸರನ್ನ ದೇವರ ಮುಂದೆ ಸಂಕಲ್ಪದಲ್ಲಿ ಹೇಳ್ತೀವಿ. ಇವಳು ಎಲ್ಲಿ ಹೇಳ್ತಾಳೆ ನೋಡು."

ಆದರೆ ಅವಳ ನಿಜವಾದ ತಕರಾರು ಬೇರೆ. ನಾನು ಹುಟ್ಟಿದ್ದು ಜೂನಿನಲ್ಲಿ ಅಲ್ಲ, ಆಶ್ವೀಜದಲ್ಲಿ. ಶಾಲೆಗೆ ವಯಸ್ಸು ಸಾಲದೆಂದು ಅಪ್ಪ ಹೆಡ್‌ಮಾಸ್ಟರ ಮೇಜಿನ ಮುಂದೆ ನಿಂತು ನನ್ನನ್ನು ನಾಲ್ಕು ತಿಂಗಳು ಮೊದಲೇ ಹೆತ್ತಿದ್ದರು. ಆ ತಾರೀಖು ಪಾಸ್‌ಪೋರ್ಟಿಗೆ ಹೋಗಿ, ಚೂರಿನ ಜೊತೆ ಕಳಿಸಿದ ಕಾಗದಕ್ಕೆ ಹೋಗಿ, ಈಗ ಡಚ್ ಪಾಯಿಖಾನೆಯ ಗೋಡೆ ಮುಟ್ಟಿತ್ತು.

"ಅದು ಸುಳ್ಳು ತಾರೀಖು ಅಂತ ಹೇಳೋ ಅವಳಿಗೆ."

"ಬೇಡಮ್ಮ. ಪಾಸ್‌ಪೋರ್ಟ್ ಸುಳ್ಳು ಅಂದ್ರೆ ಇಲ್ಲೇ ಒಳಗೆ ಹಾಕ್ತಾರೆ."

ಸಿಲ್ಕ್ ಬೋರ್ಡ್

ಸಭೆಯಲ್ಲಿ ನಾನು ಮಾತಾಡಿದೆ. ಏನು ಮಾತಾಡಿದೆ ಎಂಬುದರ ಬಗ್ಗೆ ನನ್ನ ಬಳಿ ಒಂದು ಸೊಗಸಾದ ನೆನಪಿದೆ, ಅದಕ್ಕೇ ಅದನ್ನು ಇಲ್ಲಿ ಬರೆಯುವುದಿಲ್ಲ. ಆಮೇಲೆ ಹಾನೆಕೆ ನಮ್ಮನ್ನು ಒಂದು ಬಿಳಿ ಹಲಗೆಯ ಮುಂದೆ ಕೂರಿಸಿ, ಕ್ಯಾನ್ಸರು ಮೂಳೆಯಿಂದ ಶ್ವಾಸಕೋಶಕ್ಕೆ ಹೋಗುವ ದಾರಿ ಬರೆದಳು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಅಮ್ಮನಿಗೆ ನಮ್ಮ ಭಾಷೆಯಲ್ಲಿ ಹೇಳಿದೆ. ನಮ್ಮ ಭಾಷೆ ಅಂದರೆ ಬೆಂಗಳೂರಿನ ಟ್ರಾಫಿಕ್.

"ಗಡ್ಡೆಯಿಂದ ಕಳಚಿಕೊಂಡ ಜೀವಕೋಶಗಳು ರಕ್ತಕ್ಕೆ ಬೀಳ್ತವೆ. ಆ ರಕ್ತ ಹೃದಯಕ್ಕೆ ಹೋಗಿ, ಅಲ್ಲಿಂದ ನೇರ ಶ್ವಾಸಕೋಶಕ್ಕೆ. ಅಲ್ಲಿ ರಕ್ತನಾಳ ಕೂದಲಿಗಿಂತ ಸಣ್ಣ. ಹೊರಟ ಗಾಡಿಯೆಲ್ಲ ಅಲ್ಲೇ ಸಿಕ್ಕಿಹಾಕ್ಕೊಳ್ಳೋದು."

"ಸಿಲ್ಕ್ ಬೋರ್ಡ್ ಸಿಗ್ನಲಲ್ಲಿ ನಿಂತಂಗೆ" ಅಂದಳು ಅಮ್ಮ.

"ಹೂಂ. ಬಹುಪಾಲು ಅಲ್ಲೇ ಸಾಯ್ತವಂತೆ."

"ಅದೂ ಸಿಲ್ಕ್ ಬೋರ್ಡೇ."

ಆದರೆ ಕೆಲವು ಸಾಯುವುದಿಲ್ಲ. ಇಳಿದು, ಪಕ್ಕದ ಬಿಟಿಎಂ ಲೇಔಟಿನಲ್ಲಿ ಪಿಜಿ ಹಿಡಿಯುತ್ತವೆ. ಮೂಳೆಯಲ್ಲಿ ಬೆಳೆದವಕ್ಕೆ ಶ್ವಾಸಕೋಶ ಪರದೇಶ. ಗಾಳಿ ಬೇರೆ, ನೆರೆಹೊರೆ ಬೇರೆ, ಕಾವಲಿನವರು ಬೇರೆ. ಅಲ್ಲಿ ಬದುಕಲು ಅವು ತಮ್ಮೊಳಗೆ ಮಲಗಿದ್ದ ಕೆಲವು ಜೀನುಗಳನ್ನು ಎಬ್ಬಿಸುತ್ತವೆ, ಎದ್ದಿದ್ದ ಕೆಲವನ್ನು ಮಲಗಿಸುತ್ತವೆ. ಪುಸ್ತಕ ಬಹಳ ಬದಲಾಗಬೇಕಿಲ್ಲ, ಯಾವ ಪುಟ ಜೋರಾಗಿ ಓದಬೇಕು ಎನ್ನುವುದು ಬದಲಾದರೂ ಸಾಕು. ನನ್ನ ಮಂಡಿಯ ಚೂರನ್ನೂ ಎದೆಯ ಗಂಟನ್ನೂ ಪಕ್ಕಪಕ್ಕ ಇಟ್ಟು ಅವಳು ನೋಡುತ್ತಿದ್ದುದು ಅದನ್ನೇ: ಹೊರಟಾಗ ಹೇಗಿದ್ದ, ತಲುಪಿದ ಮೇಲೆ ಹೇಗಾದ. ಪ್ರವಾಸಿಗಳನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ವಿಧಾನ ನಾನು ಕಂಡಿಲ್ಲ. ನಾನೇ ಅಲ್ಲಿ ಎರಡೇ ದಿನದಲ್ಲಿ ಬೆಳಗಿನ ತಿಂಡಿಗೆ ಬ್ರೆಡ್ಡಿನ ಮೇಲೆ ಚಾಕೊಲೇಟ್ ಕಾಳು ಉದುರಿಸಿಕೊಂಡು ತಿನ್ನತೊಡಗಿದ್ದೆ.

ನನ್ನ ಮಂಡಿಯ ಹೊಸ ಮನೆ

ಮಂಡಿಯ ಚೂರನ್ನು ಗಾಜಿನ ಮೇಲೆ ಗುಲಾಬಿ, ನೇರಳೆ ಬಣ್ಣ ಹಚ್ಚಿ ಇಟ್ಟಿದ್ದರು. ನೋಡಲು ಚಂದವಿತ್ತು. ಸೀರೆಯ ಅಂಚಿಗೆ ಹಾಕಬಹುದಿತ್ತು. ಎದೆಯ ಗಂಟು ಮಾತ್ರ ಸತ್ತಿರಲಿಲ್ಲ. ಅದರಿಂದ ತೆಗೆದ ಜೀವಕೋಶಗಳನ್ನು ತಟ್ಟೆಯಲ್ಲಿ ಸಾಕುತ್ತಿದ್ದರು. ಬೆಚ್ಚನೆಯ ಕಪಾಟು, ಗುಲಾಬಿ ಬಣ್ಣದ ಆಹಾರ, ವಾರಕ್ಕೆ ಕೆಲವು ಸಲ ಹಾಸಿಗೆ ಬದಲಾವಣೆ. ನನಗಿಂತ ಅನುಕೂಲಸ್ಥರು.

"ಏನು ಹಾಕ್ತಾರೆ ಊಟಕ್ಕೆ?" ಅಮ್ಮ ಕೇಳಿದಳು.

ಹಾನೆಕೆ ಹೇಳಿದಳು. ಸಕ್ಕರೆ, ಲವಣ, ಮತ್ತು ಕರುವಿನ ರಕ್ತದಿಂದ ತೆಗೆದ ತಿಳಿ.

"ಹಾಲಿನ ಥರದ್ದು" ಅಂದೆ ನಾನು. ಅಮ್ಮ ಇದನ್ನು ಓದುವಾಗ ದಯವಿಟ್ಟು ಈ ಭಾಗ ಬಿಟ್ಟುಬಿಡಲಿ. ಮೂರು ಹೊತ್ತೂ ಸಾರನ್ನ ತಿಂದು ಬೆಳೆದ ದೇಹದಿಂದ ಹೊರಟ ನನ್ನ ಜೀವಕೋಶಗಳು ವಿದೇಶಕ್ಕೆ ಹೋಗಿ ಏನು ತಿನ್ನಲು ಕಲಿತವೆಂದು ತಿಳಿದರೆ ಪದ್ಮತ್ತೆಗೆ ಇನ್ನೊಂದು ಫೋನಿಗೆ ವಸ್ತುವಾಗುತ್ತದೆ.

ಅಮ್ಮ ಕನ್ನಡಕ ತೆಗೆದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಹಾನೆಕೆ ತಿರುಪು ತಿರುಗಿಸಿ ಸರಿಮಾಡಿದಳು. ಅಮ್ಮ ಬಹಳ ಹೊತ್ತು ನೋಡಿದಳು.

"ಇವು ಇವನದೇನಾ?"

"ಇವನವೇ" ಎಂದಳು ಹಾನೆಕೆ, ನನ್ನ ಅನುವಾದಕ್ಕೆ ಕಾಯದೆ.

"ಎಷ್ಟು ಸಣ್ಣಗೆ, ಬಡವಾಗಿದಾವೆ. ಹೊಟ್ಟೆತುಂಬ ಹಾಕ್ತಾರೋ ಇಲ್ವೋ..."

ಯಾರ ಊಟ ವಿಚಾರಿಸುತ್ತಿದ್ದೇನೆಂದು ಅವಳಿಗೆ ಹೊಳೆದಿರಬೇಕು. ಕಣ್ಣು ತೆಗೆದು, ಹಿಂದೆ ಸರಿದು, ಸೆರಗಿನಿಂದ ಕೈ ಒರೆಸಿಕೊಂಡಳು. ಅವಳು ಏನನ್ನೂ ಮುಟ್ಟಿರಲಿಲ್ಲ.

ಆಮೇಲೆ ಹಾನೆಕೆಯ ಕಡೆ ತಿರುಗಿ, ನನ್ನ ಮೂಲಕವಲ್ಲ, ನೇರವಾಗಿ ಕನ್ನಡದಲ್ಲೇ ಕೇಳಿದಳು:

"ಅನ್ನಕ್ಕ, ಒಂದು ಹೇಳಿ. ಹೆಪ್ಪೇ ಕೆಟ್ಟಿತ್ತಾ, ಇಲ್ಲ ಮೊಸರು ಆಮೇಲೆ ಕೆಟ್ಟಿತಾ?"

ಹೆಪ್ಪು

ಇದನ್ನು ಅನುವಾದ ಮಾಡುವುದು ನನ್ನ ಕೈಲಾಗುತ್ತದೆ ಅನ್ನಿಸಲಿಲ್ಲ. ನಾನು ಹೊಟ್ಟೆಪಾಡಿಗೆ ಬೇರೆಯವರ ಪುಸ್ತಕಗಳ ಪುಟ ಜೋಡಿಸುವವನು. ನನ್ನ ಉಪಮೆಗಳೆಲ್ಲ ಅಚ್ಚಿನ ತಪ್ಪಿನವು. ಹಸ್ತಪ್ರತಿಯಲ್ಲೇ ತಪ್ಪಿತ್ತೋ, ಅಚ್ಚಿನ ಮೊಳೆ ಜೋಡಿಸುವಾಗ ಆಯಿತೋ ಎಂದು ಅಮ್ಮನಿಗೆ ಎಷ್ಟೋ ಸಲ ಹೇಳಿ ಸೋತಿದ್ದೆ. ಅವಳು ಈಗ ಕೇಳಿದ್ದು ಅದನ್ನೇ, ಆದರೆ ಅವಳ ಅಡುಗೆಮನೆಯಿಂದ. ನಮ್ಮಲ್ಲಿ ಹಾಲಿಗೆ ನಿನ್ನೆಯ ಮೊಸರು ಒಂದು ಚಮಚ ಹಾಕಿ ಇವತ್ತಿನ ಮೊಸರು ಮಾಡುತ್ತೇವೆ, ಆ ಚಮಚ ಅವಳ ತಾಯಿಯಿಂದ ಬಂದದ್ದು, ಆ ಚಮಚದಲ್ಲೇ ಹುಳುಕಿತ್ತೇ ಎಂದು ಕೇಳುತ್ತಿದ್ದಾಳೆ ಅಂತ ಹಾನೆಕೆಗೆ ಹೇಳಿದೆ.

ಅವಳು ದನ ಸಾಕಿದವರ ಮಗಳಂತೆ. ತಕ್ಷಣ ಅರ್ಥವಾಯಿತು. ಕುರ್ಚಿ ಎಳೆದುಕೊಂಡು ಅಮ್ಮನ ಎದುರು ಕೂತಳು, ಕಣ್ಣು ಕಣ್ಣಿಗೆ ಸಮ ಬರುವ ಹಾಗೆ.

"ಬೆಂಗಳೂರಿನ ಡಾಕ್ಟರು ಹೇಳಿದ್ದನ್ನೇ ನಾನೂ ಹೇಳ್ತೀನಿ. ನಾವು ಇವರ ರಕ್ತವನ್ನೂ ನೋಡಿದ್ದೀವಿ, ಗಡ್ಡೆಯನ್ನೂ ನೋಡಿದ್ದೀವಿ. ಹೆಪ್ಪು ಅಂದ್ರೆ ರಕ್ತದಲ್ಲಿ ಇರುವಂಥದ್ದು. ಮೈಯ ಪ್ರತಿ ಪಾತ್ರೆಗೂ ಅದೇ ಹೋಗಿರುತ್ತೆ. ಅದು ಚೆನ್ನಾಗಿದೆ. ಗಡ್ಡೆಯಲ್ಲಿ ಮಾತ್ರ ಎಲ್ಲ ಒಡೆದು, ಚೂರಾಗಿ, ತಪ್ಪು ತಪ್ಪಾಗಿ ಅಂಟಿಕೊಂಡಿದೆ. ಅದು ಆದದ್ದು ಆಮೇಲೆ. ಒಂದು ಪಾತ್ರೆಯಲ್ಲಿ."

"ಖಂಡಿತವಾ?"

"ನಮಗೆ ಹುಡುಕೋಕೆ ಗೊತ್ತಿರೋ ಜಾಗದಲ್ಲೆಲ್ಲ ಹುಡುಕಿದ್ದೀವಿ. ಗೊತ್ತಿಲ್ಲದ ಜಾಗಗಳೂ ಇದಾವೆ."

ಈ ಎರಡನೆಯ ಮಾತನ್ನು ನುಂಗಿಬಿಡೋಣ ಅನ್ನಿಸಿತು. ನುಂಗದೆ ಹೇಳಿದೆ.

"ಹಾಗಾದ್ರೆ ಸೀನು?" ಎಂದಳು ಅಮ್ಮ. "ನನ್ನ ತಮ್ಮ. ಅವನಿಗೂ ಕಾಲು ಊದಿ, ಕೆಮ್ಮು ಬಂದು ಹೋದ."

"ಕೆಮ್ಮುತ್ತಿದ್ದರಾ? ನೀವು ನೋಡಿದ್ದು ನೆನಪಿದೆಯಾ?" ಹಾನೆಕೆ ಕೇಳಿದ್ದು ಅನುಮಾನದಿಂದಲ್ಲ. ಅವಳಿಗೆ ತಿಳಿಯಬೇಕಿತ್ತು, ಅಷ್ಟೇ.

ಅಮ್ಮ ತೆಗೆದಿಟ್ಟಿದ್ದ ಕನ್ನಡಕ ಹಾಕಿಕೊಂಡಳು.

"ಬಿದ್ದಿದ್ದ" ಅಂದಳು. "ಏರಿ ಮೇಲಿಂದ ಬಿದ್ದು, ಮಣ್ಣು ಮೆತ್ಕೊಂಡು ಕುಂಟ್ತಾ ಬಂದ. ಅದು ಕಣ್ಣಿಗೆ ಕಟ್ಟಿದಂಗಿದೆ. ಕೆಮ್ಮು..." ನನ್ನ ಕಡೆ ನೋಡಿದಳು. "ಕೆಮ್ಮು ಇವನ ಎದೆಗೆ ಬಂದ ಮೇಲೆ ನೆನಪಾಯ್ತು."

"ಹಾಗಾದರೆ ಅವರು ಯಾಕೆ ಹೋದರು ಅಂತ ನನಗೆ ಗೊತ್ತಿಲ್ಲ" ಅಂದಳು ಹಾನೆಕೆ.

ಅಮ್ಮ ತಲೆ ಅಲ್ಲಾಡಿಸಿದಳು. ಹೊರಗೆ ಬಂದ ಮೇಲೆ ನನಗೆ ಹೇಳಿದಳು: "ಇವಳನ್ನ ನಂಬಬಹುದು. ಗೊತ್ತಿಲ್ಲ ಅಂತ ಎರಡು ಸಲ ಅಂದಳು."

ಅಮ್ಮನ ನೆನಪನ್ನು ನಾನು ಗೇಲಿ ಮಾಡಲಾರೆ. ಅವಳ ತಮ್ಮ ಸತ್ತದ್ದು ಒಂದೇ ಸಲ, ಒಂದೇ ರೀತಿ. ಆದರೆ ಗೊಟ್ಟಿಗೆರೆಯಿಂದ ಹೊರಟ ಆ ನೆನಪು ಇಟ್ಟಮಡುವಿನ ನಮ್ಮ ಮನೆಯಲ್ಲಿ ಬದುಕಬೇಕಾಗಿ ಬಂದಾಗ, ಬಿದ್ದದ್ದನ್ನು ಮಲಗಿಸಿ ಕೆಮ್ಮನ್ನು ಎಬ್ಬಿಸಿಕೊಂಡಿತ್ತು.

ಸುಳ್ಳು ಹುಟ್ಟುಹಬ್ಬ

ಮಾರನೆಯ ದಿನ ಜೂನ್ ನಾಲ್ಕು. ಪ್ರಯೋಗಾಲಯದ ಕಾಫಿ ಕೋಣೆಗೆ ಕರೆದರು. ಚಾವಣಿಯಿಂದ ಬಣ್ಣದ ಕಾಗದದ ಬಾವುಟ, ಮೇಜಿನ ಮೇಲೆ ಕೇಕು, ಸುತ್ತ ವೃತ್ತಾಕಾರವಾಗಿ ಕುರ್ಚಿ. ಡಚ್ಚರು ಹುಟ್ಟುಹಬ್ಬಕ್ಕೆ ವೃತ್ತದಲ್ಲಿ ಕೂರುತ್ತಾರೆ, ಎಲ್ಲರೂ ಎಲ್ಲರ ಮೊಣಕಾಲು ನೋಡಿಕೊಂಡು. ನನ್ನದು ನೋಡಲು ಸ್ವಲ್ಪ ವಿಶೇಷವಾಗಿತ್ತು.

ನನಗೆ ಕೈಕುಲುಕಿದರು. ಆಮೇಲೆ ಎಲ್ಲರೂ ಸಾಲಾಗಿ ಅಮ್ಮನ ಮುಂದೆ ನಿಂತರು. ಒಬ್ಬೊಬ್ಬರೂ ಅವಳ ಕೈಹಿಡಿದು, ಬಗ್ಗಿ, ಗಂಟಲು ಕೆರೆದು ಏನೋ ಹೇಳಿದರು.

"ಏನಂತಾರೋ?"

"ನಿಮ್ಮ ಮಗನಿಗಾಗಿ ನಿಮಗೆ ಅಭಿನಂದನೆ ಅಂತಾರೆ."

"ನನಗ್ಯಾಕೆ?"

ಹಾನೆಕೆಗೆ ಕೇಳಿದೆ. ಇಲ್ಲಿ ಹಾಗೇ ಅಂದಳು. ಯಾರ ಹುಟ್ಟುಹಬ್ಬವೋ ಅವರ ತಾಯಿ, ತಂದೆ, ಹೆಂಡತಿ, ಚಿಕ್ಕಪ್ಪ, ಸಿಕ್ಕಿದ ನೆಂಟರಿಗೆಲ್ಲ ಹೇಳಬೇಕು. ಒಬ್ಬ ಹುಟ್ಟಿದರೆ ಅದಕ್ಕೆ ಅವರೆಲ್ಲರೂ ಕಾರಣ ತಾನೇ.

ಇದನ್ನು ಕೇಳಿಸಿಕೊಂಡು ಅಮ್ಮ ಅಂದಳು: "ಒಳ್ಳೇದಕ್ಕೆ ಮಾತ್ರನಾ, ಕೆಟ್ಟದ್ದಕ್ಕೂ ಹೇಳ್ತಾರಾ?"

ಅನುವಾದಿಸಿದೆ. ಹಾನೆಕೆ ನಗಲಿಲ್ಲ. "ಒಳ್ಳೆಯದಕ್ಕೆ ಮಾತ್ರ" ಅಂದಳು. "ಕೆಟ್ಟದ್ದಕ್ಕೆ ಯಾರಿಗೂ ಹೇಳೋದಿಲ್ಲ."

"ನಮ್ಮಲ್ಲಿ ಉಲ್ಟಾ" ಎಂದಳು ಅಮ್ಮ.

ತಾರೀಖು ಸುಳ್ಳೆಂದು ಈಗ ಹೇಳಿಬಿಡುತ್ತಾಳೆಂದು ನಾನು ಕಾದೆ. ಹೇಳಲಿಲ್ಲ. ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಸಾಲಿನಲ್ಲಿ ಉಳಿದವರೆಲ್ಲರ ಕೈಯನ್ನೂ ತಾನೇ ಮುಂದಾಗಿ ಕುಲುಕಿದಳು. ಮುಗಿದ ಮೇಲೆ ಒಬ್ಬ ಗಡ್ಡದವನು ಮರೆತು ಎರಡನೆಯ ಸಲ ಬಂದ. ಅವನದೂ ಕುಲುಕಿದಳು.

ಒಬ್ಬರು ಕಾಫಿ ತಂದುಕೊಟ್ಟರು, ಜೊತೆಗೆ ಒಂದೇ ಒಂದು ಬಿಸ್ಕತ್ತು. ಡಬ್ಬಿಯ ಮುಚ್ಚಳ ತಕ್ಷಣ ಮುಚ್ಚಿದರು; ಅದೂ ಅಲ್ಲಿನ ಪದ್ಧತಿ. ಇಲ್ಲಿ ನಮ್ಮ ನೆನಪು ಕವಲೊಡೆಯುತ್ತದೆ. ಅಮ್ಮ ಆ ಬಟ್ಟಲು ಎತ್ತಿ ಕುಡಿದಳೆಂದು ನಾನು ಆಣೆ ಇಡಬಲ್ಲೆ. ಕಿಟಕಿಯ ಬಿಸಿಲು, ಅವಳ ತುಟಿಯ ಮೇಲೆ ನೊರೆ, ಎಲ್ಲ ಕಂಡಿದ್ದೇನೆ. ಕಥೆಗಾರನಿಗೆ ಬೇಕಾದ ಚಿತ್ರ ಅಷ್ಟು ಸರಿಯಾಗಿ ಸಿಕ್ಕಿರುವುದರಿಂದಲೇ ಅದು ನಡೆದಿಲ್ಲವೇನೋ ಎಂಬ ಅನುಮಾನ. ಅಮ್ಮ ಈಗ ಹೇಳುವುದು: "ಹಾಲಿಲ್ಲ, ಡಿಕಾಕ್ಷನ್ ಇಲ್ಲ, ಕರಿ ನೀರು. ಅದನ್ನ ಕುಡಿದು ವ್ರತ ಮುರೀತಾರೇನೋ? ಮೂಸಿ ನೋಡಿ ಇಟ್ಟೆ."

ಮತ್ತೆ ಇಟ್ಟಮಡು

ವಾಪಸ್ ಬಂದ ಮೇಲೆ ಹೆಪ್ಪು ಎಲ್ಲಿಂದ ತರುವುದೆಂಬ ಪ್ರಶ್ನೆ ಎದ್ದಿತು. ಫ್ರಿಜ್ಜಿನಲ್ಲಿ ಬಿಟ್ಟುಹೋದದ್ದು ಹುಳಿಬಂದಿತ್ತು. ಪಕ್ಕದ ಮನೆಯ ಆಂಟಿಯ ಬಳಿ ಒಂದು ಚಮಚ ಕೇಳಿ ತಂದು ಅಮ್ಮ ಹಾಲಿಗೆ ಹಾಕಿದಳು. ಅದು ಅವಳ ತಾಯಿಯ ಹೆಪ್ಪಲ್ಲ ಅಂದೆ. "ಆಂಟಿಗೆ ಕೊಟ್ಟಿದ್ದು ಯಾರು? ನಾನೇ" ಅಂದಳು. ನಾನು ಪ್ಯಾಕೆಟ್ ಮೊಸರಿನ ವಿಷಯ ಆಗಲೂ ಹೇಳಲಿಲ್ಲ.

ಆಶ್ವೀಜ ಬಂತು. ನನ್ನ ಮುಂದಿನ ಸ್ಕ್ಯಾನಿಗೆ ಇನ್ನೂ ಒಂದು ವಾರವಿತ್ತು, ಮನೆಯಲ್ಲಿ ಯಾರೂ ಅದರ ಹೆಸರೆತ್ತುತ್ತಿರಲಿಲ್ಲ. ನಿಜವಾದ ಹುಟ್ಟಿದ ದಿನ ಬೆಳಿಗ್ಗೆ ಪದ್ಮತ್ತೆ ಸ್ವೀಟ್ ಡಬ್ಬ ಹಿಡಿದು ಬಂದಳು. ಬಾಗಿಲಲ್ಲೇ ಚಪ್ಪಲಿ ಬಿಡುತ್ತ, ನನ್ನ ಕಡೆ ಕೈಚಾಚಿ, "ನೂರು ಕಾಲ ಬಾಳಪ್ಪ" ಅಂದಳು. ಆಮೇಲೆ ದನಿ ಇಳಿಸಿ ಅಮ್ಮನಿಗೆ, "ಹೋಗಿ ಬಂದ್ರಲ್ಲ, ಏನಂದ್ರು? ಯಾರ ಕಡೆಯಿಂದ ಬಂತಂತೆ?"

ಅಮ್ಮ ಅಡುಗೆಮನೆಯಿಂದ ಬಂದಳು. ಕೈ ಒರೆಸಿಕೊಂಡು ಪದ್ಮತ್ತೆಯ ಮುಂದೆ ಕೈ ಚಾಚಿ ನಿಂತಳು. ಸ್ವೀಟ್ ಡಬ್ಬ ಕೇಳುತ್ತಿದ್ದಾಳೆಂದು ತಿಳಿದು ಪದ್ಮತ್ತೆ ಅದನ್ನು ಕೊಡಲು ಹೋದಳು.

"ಡಬ್ಬ ಅಲ್ಲ. ಕೈ ಕೊಡು" ಅಂದಳು ಅಮ್ಮ. "ನನಗೂ ಹೇಳು."

"ನಿನಗೇನು ಹೇಳೋದು?"

"ಇವನು ಹುಟ್ಟಿದ್ದಾನಲ್ಲ. ಅದು ನನ್ನ ಕಡೆಯಿಂದ ಬಂತು."

ಪದ್ಮತ್ತೆ ನನ್ನ ಮುಖ ನೋಡಿದಳು. ಆ ದೇಶದ ಪದ್ಧತಿ ಅತ್ತೆ ಅಂದೆ. ಬೇರೆ ದಾರಿ ಕಾಣದೆ ಅವಳು ಅಮ್ಮನ ಕೈ ಹಿಡಿದು ಒಮ್ಮೆ ಅಲ್ಲಾಡಿಸಿದಳು. ಅಮ್ಮ ಸುಲಭಕ್ಕೆ ಬಿಡಲಿಲ್ಲ.

ಆಮೇಲೆ ಒಳಗೆ ಹೋಗಿ ಕಾಫಿ ತಂದಳು. ತಟ್ಟೆಯಲ್ಲಿ ಮೂರು ಲೋಟ ಇದ್ದವು. ಇದಕ್ಕೆ ಪದ್ಮತ್ತೆ ಸಾಕ್ಷಿ.